ದವಡೆ ಬಿಗಿದ ಸಾಕ್ಷಿ

ಬುದ್ಧಿಹಲ್ಲು ಕೀಳಿಸಿಕೊಂಡು ಬಂದ ಮೂರನೇ ದಿನ, ಗುರುವಾರ, ಜೈಭೀಮನಿಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಪುಣೆ ಹತ್ತಿರದ ಚಾಕಣದ, ತಗಡು ಹೊದಿಸಿದ ಪತ್ರಾ ಶೆಡ್ಡಿನ ಒಂದೇ ಖೋಲಿಯಲ್ಲಿ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ನಡೆದೇ ನಡೆದ. ಎಡಗೆನ್ನೆಯ ಬಾವು ಕಣ್ಣಿನ ತನಕ ಏರಿತ್ತು. ಬಾಯೊಳಗೆ ಒಂದು ಚಮಚ ಗಂಜಿ ಹೋಗುವುದೂ ಕಷ್ಟ. ಶುಕ್ರವಾರ ಹನ್ನೊಂದಕ್ಕೆ ಇದೇ ಬಾಯಿ ಕಾರ್ಖಾನೆಯ ಚೌಕಶಿಯಲ್ಲಿ, ಅಪಘಾತದ ವಿಚಾರಣೆಯಲ್ಲಿ, ಮಾತಾಡಬೇಕಿತ್ತು.

ಜತೆಗಾರ ಅಂಬಾರಾಯನ ಬಲಗೈಯ ಮೂರು ಬೆರಳನ್ನು ತಗಡು ಒತ್ತುವ ಪ್ರೆಸ್ ಯಂತ್ರ ನುಂಗಿ ಇಪ್ಪತ್ತು ದಿನವಾಗಿತ್ತು. ಕೈ ಒಳಗಿದ್ದರೆ ಯಂತ್ರವನ್ನು ತಡೆಯುವ ಸೆನ್ಸರ್ ಒಂದಿರುತ್ತದೆ. ಮಾಲು ಬೇಗ ಹೊರಬೀಳಲೆಂದು ಅದನ್ನು ಬಂದ್ ಮಾಡಿಸಿದ್ದು ಸೂಪರ್‌ವೈಸರ್ ಋಷಿಕೇಶ. ಆ ಹುಕುಮನ್ನು ಅಂಬಾರಾಯನ ಹೊರತು ಕಿವಿಯಾರೆ ಕೇಳಿದವನೆಂದರೆ ಜೈಭೀಮ ಮಾತ್ರ. ಅವನು ಹೇಳದೆ ಹೋದರೆ ಕಾಗದದಲ್ಲಿ 'ಕಾರ್ಮಿಕನ ಅಜಾಗರೂಕತೆ' ಎಂದು ಬೀಳುತ್ತಿತ್ತು. ಬೆರಳು ಕಳೆದುಕೊಂಡವನೇ ತಪ್ಪಿತಸ್ಥ. ಕಾರ್ಖಾನೆಯ ನ್ಯಾಯ ಹೀಗೆ ಬರೆದುಕೊಳ್ಳುವುದನ್ನು ಜೈಭೀಮ ಎಷ್ಟು ಸಲ ನೋಡಿರಲಿಲ್ಲ!

"ಎಷ್ಟ್ ತಿರಗ್ತೀರಿ? ಒಂದ್ ಕಡಿ ಕುಂಡ್ರಿ," ಎಂದಳು ಹೆಂಡತಿ ಆರತಿ. "ದಿನಾ ಬಾಯಿ ಮುಚ್ಚರಿ ಅಂದ್ರ ಮುಚ್ಚವರಲ್ಲ. ಇವತ್ತ ತೆರೀರಿ ಅಂದ್ರ ತೆರೀಲಾಕ ಬರವಲ್ದು!"

ಅವನು ನಗಲು ಹೋಗಿ ನೋವಿಗೆ ಗೋಡೆ ಹಿಡಿದುಕೊಂಡ.

ಮೂಲೆಯಲ್ಲಿದ್ದ ತಾಯಿ ಅವ್ವಮ್ಮ ತನ್ನ ಡಬ್ಬಿ ತೆರೆದಳು. ತವೆಯ ಮೇಲೆ ತಂಬಾಕು ಹುರಿದು ಕರ್ರಗೆ ಪುಡಿ ಮಾಡಿದ ಮಿಶ್ರಿ. ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದ ವರ್ಷ ಜತೆಯ ಹೆಂಗಸರಿಂದ ಕಲಿತದ್ದು. ಮೂವತ್ತು ವರ್ಷ ದಿನಾ ಬೆಳಗ್ಗೆ ಅದನ್ನೇ ಹಲ್ಲಿಗೆ ತಿಕ್ಕಿ, ಹಸಿವನ್ನೂ ನೋವನ್ನೂ ಅದರಲ್ಲೇ ಅದುಮಿ ಇಟ್ಟಿಗೆ ಹೊತ್ತವಳು.

"ಆ ಡಾಕ್ಟರಗೇನ್ ಗೊತ್ತದ? ಜರಾ ಒತ್ತಿ ಹಿಡಿ, ನೋವು ಸತ್ತ್ ಹೋಗ್ತದ. ನಾಳಿ ಮಾತಾಡಬೇಕಲ್ಲ, ನನ್ನಪ್ಪ."

ತಂಬಾಕು ಮುಟ್ಟಬೇಡವೆಂದು ಡಾಕ್ಟರ್ ಹೇಳಿದ್ದು ನೆನಪಿತ್ತು. ನಾಳೆಯ ಚಿಂತೆ ಅದಕ್ಕಿಂತ ದೊಡ್ಡದಿತ್ತು. ಕಿರುಬೆರಳಿನಿಂದ ಮಿಶ್ರಿಯನ್ನು ಗಾಯದ ಕುಳಿಗೆ ಒತ್ತಿ ತಿಕ್ಕಿದ. ಗಳಿಗೆ ಹೊತ್ತು ಮರಗಟ್ಟಿದ ಸುಖ. ಆಮೇಲೆ ತಲೆ ಗಿರ್ರೆಂದಿತು. ಸಂಜೆಯ ಹೊತ್ತಿಗೆ ಕಿವಿಯಿಂದ ಕೊರಳವರೆಗೆ ಕಾದ ಕಬ್ಬಿಣ ಎಳೆದಂತಾಯಿತು.

ಮತ್ತೆ ದವಾಖಾನೆಗೆ ಓಡಿದಾಗ ಡಾಕ್ಟರ್ ಕುಳಿ ತೊಳೆದು, ಲವಂಗದೆಣ್ಣೆಯ ಬಟ್ಟೆ ತುರುಕುತ್ತಾ ಚೆನ್ನಾಗಿ ಬೈದಳು. ಗಾಯವನ್ನು ಕಾಯುತ್ತಿದ್ದ ರಕ್ತದ ಹೆಪ್ಪು ಕಿತ್ತುಹೋಗಿ ಎಲುಬು ಬಯಲಾಗಿದೆ. ಎರಡು ದಿನ ಮಾತೇ ಬೇಡ, ಎಂದಳು.

ಮನೆಗೆ ಬಂದರೆ ಅವ್ವಮ್ಮ ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡು ಅಳುತ್ತಿದ್ದಳು. ಅವನು ಅವಳ ತಲೆ ಸವರಿದ. ಮತ್ತೆ ನಡೆಯತೊಡಗಿದ.

ಶುಕ್ರವಾರ ಕೆನ್ನೆಗೆ ಟವೆಲ್ ಕಟ್ಟಿಕೊಂಡೇ ಹೋದ. ನೋಡಿದ್ದೇ ತಡ, ಋಷಿಕೇಶನ ಮುಖ ಅರಳಿತು.

"ಅರೇ ಭಾವು, ಆರಾಮ ಕರ! ಇಥೇ ಸಹಿ ಕರ, ಘರೀ ಜಾ."

ಸಹಿ ಹಾಕಿ ಮನೆಗೆ ಹೋಗಿ ಆರಾಮ ಮಾಡು ಎಂದು ಮುಂದೆ ತಳ್ಳಿದ್ದು ಖಾಲಿ ಹಾಳೆ. ಉಳಿದದ್ದನ್ನು ಅವರೇ ಬರೆದುಕೊಳ್ಳುತ್ತಾರಂತೆ.

ಜೈಭೀಮ ಹಾಳೆಯನ್ನು ಅತ್ತ ಸರಿಸಿ ಕುರ್ಚಿ ಎಳೆದು ಕೂತ. ಕಚ್ಚಿದ ಹಲ್ಲಿನ ಸಂದಿಯಿಂದಲೇ ಮರಾಠಿಯಲ್ಲಿ ಶುರುಮಾಡಿದ. ಜೊಲ್ಲು ಸುರಿಯಿತು. ಚೌಕಶಿಯ ಸಾಹೇಬನಿಗೆ ಒಂದಕ್ಷರವೂ ತಿಳಿಯಲಿಲ್ಲ. ಹೇಳಿಕೆ ಬರೆಯುವ ಕ್ಲಾರ್ಕ್ ಸ್ನೇಹಲ್ ಎದ್ದು ಬಂದು ಅವನ ಬಾಯಿಯ ಹತ್ತಿರ ಕಿವಿ ತಂದಳು. 'ಇವನು ಏನಂದನೆಂದು ಗಟ್ಟಿಯಾಗಿ ಹೇಳುತ್ತಾ ಬರೆ' ಎಂದ ಸಾಹೇಬ. ಜೈಭೀಮ ಒಂದೊಂದೇ ಮಾತು ಉಸುರಿದಂತೆ ಅವಳು ಅದನ್ನೇ, ಬಾಗಿಲ ಹೊರಗೆ ನಿಂತ ಇಡೀ ಶಿಫ್ಟಿಗೆ ಕೇಳುವ ಹಾಗೆ, ಹೇಳಿ ಬರೆದಳು.

"ಸೆನ್ಸರ್ ಬಂದ್ ಮಾಡು ಅಂತ ಋಷಿಕೇಶ ಸಾಹೇಬರು ಹೇಳಿದರು. ಅಂಬಾರಾಯ ಬೇಡ ಅಂದ. ಹಾಗಾದರೆ ನಾಳೆಯಿಂದ ಗೇಟಿಗೆ ಬರಬೇಡ ಅಂದರು."

ಕಂಪನಿಯ ಸಂಬಳ ತಿನ್ನುವ ಕ್ಲಾರ್ಕಿನ ಬಾಯಿಂದಲೇ ಆ ಮಾತು ಹೊರಬಿದ್ದಿತ್ತು. ಋಷಿಕೇಶ ಧಡಕ್ಕನೆ ಎದ್ದ. ಜೈಭೀಮ ಹಾಗೆ ಅಂದೇ ಇಲ್ಲ, ಇವಳೇ ಸೇರಿಸಿದ್ದು ಎಂದು ಕೂಗಾಡಿದ. ಸ್ನೇಹಲಳ ಪೆನ್ನು ನಿಂತಿತು. ಬೆದರಿದ ಕಣ್ಣಿನಿಂದ ಜೈಭೀಮನನ್ನು ನೋಡಿದಳು.

ಅವನು ಟವೆಲ್ ಬಿಚ್ಚಿದ. ದವಡೆ ಹರಿದರೆ ಹರಿಯಲಿ ಎಂದು ಬಾಯಿ ತೆರೆದ.

"ಮೀಚ್ ಬೋಲ್ಲೋ! ನಾನೇ ಹೇಳೀನಿ!"

ತುಟಿಯ ಮೇಲೆ ಇಳಿದ ರಕ್ತ ಒರೆಸಿಕೊಂಡು, ಅವಳು ಬರೆದ ಕೊನೆಯ ಸಾಲಿಗೆ ಅಂಟಿದಂತೆ, ನಡುವೆ ಬೇರೇನೂ ತುರುಕಲು ಜಾಗವಿಲ್ಲದ ಹಾಗೆ, ಸಹಿ ಹಾಕಿದ. ಹೊರಗೆ ಯಾರೋ ಆಗಲೇ ಅಂಬಾರಾಯನಿಗೆ ಫೋನ್ ಹಚ್ಚುತ್ತಿದ್ದರು.