ಕಾಯ್ದಯ್ಯನ ಕಲ್ಲು

ಸೊಪ್ಪಿನ ಕುಕ್ಕೆ ಹೊತ್ತು ಬಂದ ಬೀರಮ್ಮ ಹುಳುಮನೆಯ ಬಾಗಿಲಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಅಲ್ಲಿ ಹಾಸಿದ್ದ ಕಲ್ಲನ್ನು ಒಂದೇ ಹೆಜ್ಜೆಗೆ ದಾಟಿದಳು. ಐವತ್ತು ಕಳೆದ ಹೆಂಗಸು, ತಲೆಯ ಮೇಲೆ ಅಷ್ಟು ಭಾರ. ಜಾರಿದ್ದರೆ ಸೊಂಟ ಉಳಿಯುತ್ತಿರಲಿಲ್ಲ. ಒಳಗೆ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದ ರಾಮಲಿಂಗಯ್ಯ ಅದನ್ನು ನೋಡಿದ. ಹಿಂದೆಯೂ ನೋಡಿದ್ದ. ಅಂದು ಮಾತ್ರ ಸುಮ್ಮನಿರಲಾಗಲಿಲ್ಲ.

ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದ ರೇಷ್ಮೆ ಹುಳುಗಳು ಹಗಲಿರುಳು ಮೇಯುವ ಕಾಲ ಅದು. ಈಗ ಹೊರಗಿನ ಕೊಳೆ ಒಳಗೆ ಬಂದರೆ ರೋಗ ತಗುಲಿ ಇಡೀ ಬೆಳೆಯೇ ಹೋಗುತ್ತದೆ. ಅದಕ್ಕೇ ಯಾರೇ ಬರಲಿ, ಬಾಗಿಲ ಕಲ್ಲಿನ ಮೇಲೆ ನಿಂತು ಕಾಲು ತೊಳೆದೇ ಒಳಗೆ ಬರಬೇಕೆಂದು ಅವನು ಕಟ್ಟಳೆ ಮಾಡಿದ್ದ.

"ಬೀರಮ್ಮ, ಎಷ್ಟು ಸಲ ಯೋಳ್ಬೇಕು ನಿಂಗೆ? ಕಾಲು ತೊಳ್ಕೊಂಡು ಬಾ."

"ಮನೆತಾವ್ಲೇ ತೊಳ್ಕೊಂಡು ಬಂದಿದೀನಿ ಗೌಡ್ರೆ."

"ಅಲ್ಲಿಂದ ಇಲ್ಲಿಗೆ ಗಾಳೀಲಿ ತೇಲ್ಕೊಂಡು ಬಂದ್ಯಾ? ಕಲ್ಲಿನ ಮೇಲೆ ನಿಂತು ತೊಳಿ."

ಬೀರಮ್ಮ ಕುಕ್ಕೆ ಇಳಿಸಿದಳು. "ಅದೊಂದು ಆಗಕಿಲ್ಲ. ಬೇಕಾದ್ರೆ ಆಚೆ ಮಣ್ಣಲ್ಲಿ ನಿಂತು ಹತ್ತು ಚೊಂಬು ಹುಯ್ಕೋತೀನಿ. ನಮ್ಮಯ್ಯನ ಮೇಲೆ ಕಾಲು ಮಡಗಕಿಲ್ಲ."

ಅವಳ ಮಾತು ಕಲ್ಲಿನ ಬಗ್ಗೆ. ಮೂರು ವರ್ಷದ ಹಿಂದೆ ಅದು ಕನಕಪುರದ ರಸ್ತೆಯಂಚಿನಲ್ಲಿ ನಿಂತಿದ್ದ ವೀರಗಲ್ಲು. ಕುರಿ ಸಾಕುವ ಬೀರಮ್ಮನ ಕೇರಿಯವರು ವರ್ಷಕ್ಕೊಮ್ಮೆ, ಮೊದಲು ಮರಿ ಹಾಕಿದ ಕುರಿಯ ಹಾಲನ್ನು ಅದಕ್ಕೆ ಎರೆಯುತ್ತಿದ್ದರು. ರೇಷ್ಮೆ ಗೂಡಿಗೆ ಬೆಲೆ ಬಂತು, ರಾಮನಗರದ ಮಾರುಕಟ್ಟೆಗೆ ಓಡಾಡುವ ಗಾಡಿಗಳು ಹೆಚ್ಚಿದವು, ರಸ್ತೆ ಅಗಲವಾಯಿತು. ಕೆಲಸದವರು ಕಲ್ಲನ್ನು ಚರಂಡಿಗೆ ಉರುಳಿಸಿದರು. ಹೊಸ ಹುಳುಮನೆ ಕಟ್ಟಿಸುತ್ತಿದ್ದ ರಾಮಲಿಂಗಯ್ಯ ಅದನ್ನು ಎತ್ತಿನ ಗಾಡಿಯಲ್ಲಿ ತಂದು, ಹಿಂಬದಿ ನುಣ್ಣಗಿದೆಯೆಂದು ಚಿತ್ರದ ಬದಿಯನ್ನು ಕೆಳಗೆ ಮಾಡಿ ಹಾಸಿದ. ಕೆಟ್ಟ ಉದ್ದೇಶವೇನೂ ಇರಲಿಲ್ಲ; ಯೋಚನೆಯೂ ಇರಲಿಲ್ಲ. ಆಮೇಲೆ ಹಾಕಿದ ಬೆಳೆಯೆಲ್ಲ ಕೈ ಹತ್ತಿತು. ಈಗ ಕಲ್ಲಿನದೇ ಕಾಲ್ಗುಣವೆಂದು ನಂಬಿಬಿಟ್ಟಿದ್ದ. ಕೇರಿಯವರು ಕೇಳಲು ಬಂದಾಗ, "ಚರಂಡೀಲಿ ಬಿದ್ದಾಗ ಎಲ್ಲೋಗಿದ್ರಿ?" ಎಂದು ಬಾಯಿ ಮುಚ್ಚಿಸಿದ್ದ. ಕುರಿ ಮೇಯಿಸಲು ದೂರ ಹೋಗಿದ್ದೆವು ಎಂದರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ನಿಮ್ಮ ಕೇರಿ ದೇವ್ರಿಗೋಸ್ಕರ ನನ್ನ ಬೆಳೆ ಕಳ್ಕೊಳ್ಳಾ?" ಎಂದ ರಾಮಲಿಂಗಯ್ಯ.

"ದೇವ್ರಲ್ಲ ಗೌಡ್ರೆ, ಮನುಸ. ಬೋರಲು ಬಿದ್ದವ್ನೆ. ಅವನು ಸತ್ತಿದ್ದು ನಮ್ಮ ಕುರಿಗೋಸ್ಕರ ಅಲ್ಲ. ಕಳ್ರು ಹೊಡ್ಕೊಂಡು ಹೋಯ್ತಿದ್ದ ನಿಮ್ಮೋರ ದನ ಬುಡಿಸ್ಕೊಂಡು ಬರಕೆ ಹೋಗಿ ಸತ್ತ."

ರಾಮಲಿಂಗಯ್ಯ ನಕ್ಕುಬಿಟ್ಟ. "ನೋಡ್ದೋರು ಯಾರು? ಹೆಸ್ರೇನು ಅವಂದು?"

"ಹೆಸ್ರು ಗೊತ್ತಿಲ್ಲ. ಕಾಯ್ದಯ್ಯ ಅಂತೀವಿ."

"ಹೆಸ್ರೇ ಗೊತ್ತಿಲ್ದೋನಿಗೆ ಕೂಲಿ ಕಳ್ಕೋತೀಯಾ? ಸರಿ, ನಾಳೆಯಿಂದ ಬರ್ಬೇಡ."

ಬೀರಮ್ಮ ತಲೆಯ ಸಿಂಬಿಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಕೂಲಿ ಹೋಯಿತಲ್ಲ ಎಂಬ ಸಂಕಟ ಮುಖದಲ್ಲೇ ಕಾಣುತ್ತಿತ್ತು. ಆದರೂ ಹೋಗುವಾಗ ಕಲ್ಲನ್ನು ದಾಟಿಯೇ ಹೋದಳು.

ಮೂಲೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದ ಹೆಂಡತಿ ಕಾವೇರಮ್ಮ ಕತ್ತಿ ಕೆಳಗಿಟ್ಟಳು. "ಏನಂದ್ಲು ಅವಳು? ಕಾಯ್ದಯ್ಯ ಅಂದ್ಲಾ?"

ರಾಮಲಿಂಗಯ್ಯನಿಗೂ ಆ ಹೆಸರು ಎಲ್ಲೋ ಚುಚ್ಚಿತ್ತು. ಸಂಕ್ರಾಂತಿಯ ದಿನ ದನಗಳಿಗೆ ಕಿಚ್ಚು ಹಾಯಿಸಿದ ಮೇಲೆ ಅವನಜ್ಜಿ ಮೊದಲ ತುತ್ತು ಹುಗ್ಗಿಯನ್ನು ಎಲೆಯಲ್ಲಿ ತೆಗೆದು, ರಸ್ತೆ ಬದಿಯ ಬೇಲಿಯ ಹತ್ತಿರ ಇಟ್ಟು, 'ಇದು ಕಾಯ್ದಯ್ಯಂಗೆ' ಎನ್ನುತ್ತಿದ್ದಳು. ಅಜ್ಜಿಯಿಂದ ಅವ್ವ, ಅವ್ವನಿಂದ ಕಾವೇರಮ್ಮ ಅದನ್ನು ಕಲಿತಿದ್ದರು. ಯಾರು, ಏನು ಎಂದು ಯಾರೂ ಕೇಳಿರಲಿಲ್ಲ. ಕಾಗೆ ಬಂದು ತಿನ್ನುತ್ತಿತ್ತು, ಅಷ್ಟೇ.

"ಸಂಕ್ರಾಂತೀಲಿ ಎಡೆ ಇಕ್ಕಾದು ಅವನಿಗೆ," ಎಂದಳು ಕಾವೇರಮ್ಮ, "ವರ್ಸವೆಲ್ಲ ಕಾಲು ತೊಳಿಯಾದೂ ಅವನ ಬೆನ್ನ ಮೇಲೇ."

"ಬೆಳೆ ಮಧ್ಯ ಕಲ್ಲು ಕೀಳಬಾರ್ದು ಕಣೇ. ಏನಾರ ಹೆಚ್ಚುಕಮ್ಮಿ ಆದ್ರೆ? ಗೂಡು ಕಟ್ಲಿ, ಆಮೇಲೆ ನೋಡನ."

ಕಾವೇರಮ್ಮ ಖಾಲಿ ಕುಕ್ಕೆ ಎತ್ತಿಕೊಂಡು ಬಾಗಿಲಿಗೆ ಬಂದಳು, ನೆರಿಗೆ ಹಿಡಿದಳು, ಕಲ್ಲು ದಾಟಿ ತೋಟಕ್ಕೆ ಹೋದಳು.

ಒಳಗೆ ಅವನೊಬ್ಬನೇ ಉಳಿದ. ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು. ನೀರಿಗೆಂದು ಹೊರಟವನು ಬಾಗಿಲಲ್ಲಿ ಕಾಲೆತ್ತಿ ಹಾಗೇ ನಿಂತ. ಮೂರು ವರ್ಷ ದಿನಕ್ಕೆ ಹತ್ತು ಸಲ ತುಳಿದ ಕಲ್ಲು. ಈಗ ಕಾಲು ಇಳಿಯಲೊಲ್ಲದು. ಬೆಳೆಯ ಭಯ ಹೋಗಿರಲಿಲ್ಲ. ಆ ಭಯ ಇಟ್ಟುಕೊಂಡೇ ಅವನೂ ಕಲ್ಲು ದಾಟಿ, ಪಕ್ಕದ ಮನೆಯ ದಾಸಪ್ಪನನ್ನು ಕೂಗಿ ಹಾರೆ ತರಲು ಹೇಳಿದ.

ಇಬ್ಬರೂ ಮೀಟಿ ಕಲ್ಲನ್ನು ಮಗುಚಿದರು. ಬಾವಿಯ ನೀರು ಹೊಯ್ದು ಮಣ್ಣು ತೊಳೆದರು. ಬಿಲ್ಲು ಹಿಡಿದ ಗಂಡಸು, ಎದೆಯಲ್ಲಿ ಬಾಣ. ಅವನ ಬೆನ್ನ ಹಿಂದೆ ಸಾಲಾಗಿ ಹಸುಗಳು, ಮೊಣಕಾಲಿಗೆ ಮೂತಿ ತಾಗಿಸಿದ ಒಂದು ಕರು.

"ಕುರಿ ಒಂದೂ ಇಲ್ವಲ್ಲೋ," ಎಂದ ದಾಸಪ್ಪ. "ಎಲ್ಲಾ ದನವೇ ಕಣ್ಲಾ."

ರಾಮಲಿಂಗಯ್ಯ ಕರುವಿನ ಕಿವಿಗೆ ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಬಿಡಿಸಿದ. ಅವನಿಗೆ ತುಂಬ ನಾಚಿಕೆಯಾಯಿತು. ತನ್ನ ಮನೆಯವರು ಅನ್ನ ಇಟ್ಟು ಆ ಮನುಷ್ಯನನ್ನೇ ಮರೆತಿದ್ದರು. ಹಸು ಕಟ್ಟದ ಕುರಿಯವರ ಕೇರಿ ಅವನನ್ನು ನೆನೆದು ಹಾಲೆರೆದಿತ್ತು. ಸಂಜೆಯೊಳಗೆ ಕಲ್ಲು, ಎಡೆ ಇಡುವ ಬೇಲಿಯ ಬಳಿ ಅವನದೇ ಹೊಲದಲ್ಲಿ, ರಸ್ತೆಗೆ ಮುಖ ಮಾಡಿ ನಿಂತಿತು.

ಮರುದಿನ ಬೆಳಿಗ್ಗೆ ದಾಸಪ್ಪ ಹೋಗಿ ಬೀರಮ್ಮನನ್ನು ಕರೆದು ತಂದ. ಬರುವ ದಾರಿಯಲ್ಲೇ ಕಲ್ಲನ್ನು ಕಂಡಿದ್ದಳು, ಕಣ್ಣು ಒದ್ದೆಯಾಗಿತ್ತು. ಸೊಪ್ಪು ಹೊತ್ತು ಹುಳುಮನೆಗೆ ಬಂದವಳು ಬಾಗಿಲಲ್ಲಿ ನೆರಿಗೆ ಎತ್ತಿ ಹಿಡಿದು, ಬರೀ ಮಣ್ಣಿದ್ದ ಜಾಗವನ್ನೂ ಒಂದೇ ಹೆಜ್ಜೆಗೆ ದಾಟಿದಳು.

ಕಾವೇರಮ್ಮ ಜೋರಾಗಿ ನಕ್ಕಳು. ತಿರುಗಿ ನೋಡಿದ ಬೀರಮ್ಮನಿಗೂ ನಗು ಬಂತು.

"ಕಾಲು ತೊಳ್ಕೊಂಡು ಬಾರವ್ವ," ಎಂದ ರಾಮಲಿಂಗಯ್ಯ ತಟ್ಟೆಯಿಂದ ತಲೆಯೆತ್ತದೆ. ಸೊಪ್ಪು ಹರಡುತ್ತಲೇ ಕೇಳಿದ, "ಹಾಲು ಎರಿಯಾದು ಯಾವತ್ತು ಅಂತ ಯೋಳು. ನಾವೂ ಬತ್ತೀವಿ."

ಬೀರಮ್ಮ ಹೊರಗೆ ಹೋಗಿ ಮಣ್ಣಿನ ಮೇಲೆ ನಿಂತು, ಎರಡು ಚೊಂಬು ನೀರು ಹೊಯ್ದುಕೊಂಡು, ಹಿಮ್ಮಡಿ ಉಜ್ಜಿ ಉಜ್ಜಿ ಕಾಲು ತೊಳೆದಳು.