ಸೂಜಿಮೊನೆಯಷ್ಟು ಬಿಸಿಲು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ನೆರಳಪ್ಪ ಎಂದೇ ಕರೆಯುತ್ತಿದ್ದರು. ಅಂಗಡಿಗಳ ಮುಂದೆ ಬಿಸಿಲಿಗೆ ಅಡ್ಡವಾಗಿ ಕಟ್ಟುವ ಮೇಲ್ಕಟ್ಟುಗಳನ್ನು ನಲವತ್ತು ವರ್ಷ ಹೊಲಿದ ದರ್ಜಿ ಅವನು. ಹೊಲಿದು ಮುಗಿಸಿದ ಮೇಲೆ ಬಟ್ಟೆಯನ್ನು ದೀಪಕ್ಕೆ ಅಡ್ಡ ಹಿಡಿಯುತ್ತಿದ್ದ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಆ ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕು. "ಬಿಸಿಲು ಸೋರೋ ಮೇಲ್ಕಟ್ಟೂ ಒಂದೇ, ನೀರು ಸೋರೋ ಕೊಡವೂ ಒಂದೇ" ಎನ್ನುತ್ತಿದ್ದ. ಕೋಪ ಸದಾ ಮೂಗಿನ ತುದಿಯಲ್ಲೇ ಇದ್ದುದರಿಂದ ಅವನಿಗೆ ಯಾರೂ ಎದುರಾಡುತ್ತಿರಲಿಲ್ಲ. ಕೆಲಸ ಅಷ್ಟು ಚೆನ್ನಾಗಿದ್ದುದರಿಂದ ಎದುರಾಡುವ ಅಗತ್ಯವೂ ಬಿದ್ದಿರಲಿಲ್ಲ.

ಅವನ ಒಬ್ಬಳೇ ಮಗಳು ಮೂರು ಬೀದಿ ಆಚೆ ಹಳೆಯ ಗೋದಾಮೊಂದರ ತಾರಸಿ ಬಾಡಿಗೆಗೆ ಹಿಡಿದು, ಮರದ ತೊಟ್ಟಿಗಳಲ್ಲಿ ಲೆಟ್ಯೂಸ್ ಬೆಳೆಯುತ್ತೇನೆ ಎಂದಾಗ ಅವನು ಹೊಟ್ಟೆ ಹಿಡಿದು ನಕ್ಕಿದ್ದ. "ಹಸೀ ಎಲೆ ತಿನ್ನೋಕೆ ನಾವೇನು ಮೊಲಗಳಾ?" ಆದರೆ ಹಟದಲ್ಲಿ ಅವಳು ಅಪ್ಪನ ಮಗಳೇ. ಬೀಜ ಹಾಕಿಯೇ ಹಾಕಿದಳು.

ಆ ಊರಿನ ಬಿಸಿಲೇನು ಸಾಮಾನ್ಯವೇ? ಮೊದಲ ಬೆಳೆಯಲ್ಲಿ ಎಲೆಗಳ ಅಂಚು ಸುಟ್ಟಿತು. ಗಿಡಗಳು ಮೈದುಂಬುವ ಮೊದಲೇ ಹೂವಿನ ಕಡ್ಡಿ ಎತ್ತಿದವು, ಎಲೆಗೆಲ್ಲ ಕಹಿ ಇಳಿಯಿತು. ಸೊಪ್ಪು ಕೊಳ್ಳಬೇಕಾಗಿದ್ದ ಹೋಟೆಲಿನ ಮುಖ್ಯ ಅಡುಗೆಯವನು ಒಂದೆಲೆ ಅಗಿದು, ಕರವಸ್ತ್ರಕ್ಕೆ ಉಗುಳಿ, "ಇನ್ನೊಂದು ಸಲ ಬಂದು ನೋಡ್ತೀನಮ್ಮ. ಮೂರನೇ ಸಲ ಬರಲ್ಲ" ಎಂದು ಇಳಿದುಹೋದ. ಅವನು ಒಪ್ಪಿದರೆ ವರ್ಷವಿಡೀ ಅವಳ ಸೊಪ್ಪು ಆ ಅಡುಗೆಮನೆಗೆ. ಒಪ್ಪದಿದ್ದರೆ ತಾರಸಿ ಬಿಟ್ಟುಕೊಟ್ಟು ಸುಮ್ಮನೆ ಮನೆಗೆ ನಡೆಯಬೇಕು. ಸಾಲದ್ದಕ್ಕೆ ಅದೇ ವಾರ ಅವಳು ನೀರು ಹಾಕುತ್ತ ಹಾಕುತ್ತಲೇ ಬಿಸಿಲಿಗೆ ತಲೆ ತಿರುಗಿ ಬಿದ್ದಳು.

ಸುದ್ದಿ ಕೇಳಿ ನೆರಳಪ್ಪ ಮಗಳನ್ನು ಬೈದ, ಸೊಪ್ಪನ್ನು ಬೈದ, ಸೂರ್ಯನನ್ನೂ ಬಿಡಲಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡು ಕೂತು ಒಂಬತ್ತು ದಿನ ಹೊಲಿದ. ದಪ್ಪ ಕ್ಯಾನ್ವಾಸ್, ಅದೂ ಎರಡು ಪದರ. ದೀಪದ ಪರೀಕ್ಷೆಯಲ್ಲಿ ಬಟ್ಟೆ ಕಗ್ಗತ್ತಲೆಯಂತೆ ನಿಂತಿತು. ಅದನ್ನು ತಾನೇ ನಿಂತು ತಾರಸಿಯ ಕಂಬಗಳಿಗೆ ಕಟ್ಟಿಸಿ, "ಇನ್ನು ಸೂರ್ಯನೇ ಬಂದು ಬಾಗಿಲು ತಟ್ಟಿದ್ರೂ ಒಳಗೆ ಬಿಡೋ ಮಾತಿಲ್ಲ" ಎಂದ. ಅಂಥದ್ದನ್ನು ಜನ್ಮದಲ್ಲಿ ಹೊಲಿದಿರಲಿಲ್ಲ ಅವನು.

ಅಂದಿನಿಂದ ಪ್ರತಿ ಭಾನುವಾರ ತಾರಸಿಗೆ ಹೋಗುವುದು ರೂಢಿಯಾಯಿತು. ಸೊಂಟದ ಮೇಲೆ ಕೈಯಿಟ್ಟು, ಕತ್ತೆತ್ತಿ, ಒಂದೊಂದೇ ಹೊಲಿಗೆಯನ್ನು ಕಣ್ಣಲ್ಲೇ ಸವರುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹೊಲಿದವನಿಗೂ ಹಾಗೆಯೇ. "ಹೇಗಿದೆ ಸೊಪ್ಪು?" ಎಂದರೆ ಮಗಳು "ಚೆನ್ನಾಗಿದೆ ಅಪ್ಪ" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಆರು ವಾರ ಹೀಗೆ ಕಳೆಯಿತು. ಒಂದು ಬುಧವಾರ, ಮೂಲೆಯ ಒಂದು ಕೊಂಡಿ ಸಡಿಲವಿದ್ದುದು ನೆನಪಾಗಿ, ಹೊಸದೊಂದು ಕೊಂಡಿ ಹಿಡಿದು, ಹೇಳದೆ ಕೇಳದೆ ಅವನು ತಾರಸಿ ಹತ್ತಿದ. ಹತ್ತಿದವನು ಮೆಟ್ಟಿಲ ಮೇಲೇ ನಿಂತುಬಿಟ್ಟ.

ಅವನ ಮೇಲ್ಕಟ್ಟು ಸುರುಳಿ ಸುತ್ತಿ ಗೋಡೆಗೆ ಒರಗಿತ್ತು. ತೊಟ್ಟಿಗಳ ಮೇಲೆ ಹಳೆಯ ಸೊಳ್ಳೆಪರದೆಯ ತುಂಡುಗಳು, ಈರುಳ್ಳಿ ಮೂಟೆಯ ಜಾಲರಿ ಚೀಲಗಳು. ಅವುಗಳನ್ನು ಜೋಡಿಸಿದ್ದ ಹೊಲಿಗೆಯೋ, ದಾರಿ ತಪ್ಪಿದ ಇರುವೆ ಸಾಲು. ಬೀಸಿದ ಗಾಳಿಗೆ ಅರ್ಧ ಕಿತ್ತು ಹಾರಾಡುತ್ತಿತ್ತು. ಮಗಳು ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಏನಿದು?"

ಅವಳ ಮುಖ ಹುಳ್ಳಗಾಯಿತು. "ಹೇಳ್ಬೇಕು ಅಂತಾನೇ ಇದ್ದೆ ಅಪ್ಪ..."

"ಹೇಳು ಮತ್ತೆ!"

ಅವಳು ಮೂಲೆಯ ತೊಟ್ಟಿಯೊಂದನ್ನು ತೋರಿಸಿದಳು. ಅವನ ಮೇಲ್ಕಟ್ಟಿನ ಅಡಿಯಲ್ಲೇ ಬೆಳೆದಿದ್ದ ಗಿಡಗಳಲ್ಲಿ ಅವಳು ಉಳಿಸಿಕೊಂಡಿದ್ದುದು ಅಷ್ಟೇ. ಬೆಳಕು ಹುಡುಕಿ ಹುಡುಕಿ ಅವು ಕತ್ತು ಉದ್ದ ಮಾಡಿದ್ದವು. ಎಲೆಗಳು ಬಿಳಿಚಿ, ತೆಳುವಾಗಿ, ಒಂದರ ಮೇಲೊಂದು ಒರಗಿದ್ದವು.

"ಬಿಸಿಲು ಜಾಸ್ತಿಯಾದ್ರೆ ಕಹಿ, ಪೂರ್ತಿ ಇಲ್ದಿದ್ರೆ ಹೀಗೆ. ನಡು ಮಧ್ಯಾಹ್ನ ಸ್ವಲ್ಪ ತಡೆದ್ರೆ ಸಾಕಪ್ಪ ಇದಕ್ಕೆ. ಅರ್ಧ ಬಿಸಿಲು, ಅರ್ಧ ನೆರಳು."

"ಮತ್ತೆ ಭಾನುವಾರ ಕಟ್ಟಿರ್ತಿತ್ತಲ್ಲ?"

"ಈಚೆಗೆ ನಾಲ್ಕು ವಾರದಿಂದ ಶನಿವಾರ ಸಂಜೆ ಕಟ್ತೀನಿ, ಸೋಮವಾರ ಬಿಚ್ಚಿಡ್ತೀನಿ. ನೀನು ಬೇಜಾರು ಮಾಡ್ಕೋತೀಯ ಅಂತ."

"ಒಬ್ಬಳೇನಾ?"

ಅವಳು ಅಂಗೈಗಳನ್ನು ಬೆನ್ನ ಹಿಂದೆ ಸರಿಸಿದಳು.

ನೆರಳಪ್ಪ ಕೊಂಡಿಯನ್ನು ಅಲ್ಲೇ ಎಸೆದು ಧಡಧಡನೆ ಇಳಿದುಹೋದ. ಮನೆ ಸೇರಿ ಹೊಲಿಗೆ ಯಂತ್ರದ ಮುಂದೆ ಕೂತ. ಮೊದಲು ಬಂದದ್ದು ಸಿಟ್ಟು. ನಲವತ್ತು ವರ್ಷದ ಕೈಕೆಲಸಕ್ಕಿಂತ ಈರುಳ್ಳಿ ಚೀಲ ಹೆಚ್ಚಾಯಿತೇ! ಆದರೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಆ ಬಟ್ಟೆಯನ್ನು ಕಟ್ಟಲು ಇಬ್ಬರು ಗಟ್ಟಿ ಆಳುಗಳು ಬೆವರಿಳಿಸಿದ್ದು ಅವನಿಗೆ ಗೊತ್ತಿತ್ತು. ಅದನ್ನು ಅವಳು ವಾರವಾರವೂ ಒಬ್ಬಳೇ ಏರಿಸಿ ಇಳಿಸಿದ್ದಳು. ಹಿಂದಿನ ಭಾನುವಾರ ಅವಳ ಅಂಗೈಯಲ್ಲಿ ಹಗ್ಗದ ಕೆಂಪು ಬರೆ ಕಂಡಿತ್ತು. ಕಂಡೂ ಕೇಳಿರಲಿಲ್ಲ. ಅಷ್ಟೂ ಭಾನುವಾರ ಅವನು ಬಟ್ಟೆಯನ್ನು ನೋಡಿದ್ದನೇ ಹೊರತು ಒಮ್ಮೆಯಾದರೂ ಬಗ್ಗಿ ಗಿಡ ನೋಡಿರಲಿಲ್ಲ. ತಂದೆಯ ಕೆಲಸ ಕೆಟ್ಟಿದೆ ಎನ್ನುವುದಕ್ಕಿಂತ ಆ ಭಾರ ಹೊರುವುದೇ ಮಗಳಿಗೆ ಸುಲಭವೆನಿಸಿತ್ತಲ್ಲ ಎಂದುಕೊಂಡಾಗ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಕತ್ತರಿ, ಸೂಜಿ, ಸೀಮೆಸುಣ್ಣ ಹಿಡಿದು ಮತ್ತೆ ತಾರಸಿ ಹತ್ತಿದ. "ಅಡುಗೆಯವನು ಬರೋದು ಯಾವತ್ತು?"

"ಇನ್ನು ಹತ್ತು ದಿನ."

"ಹಾಗಾದ್ರೆ ಆ ತುದಿ ಹಿಡ್ಕೋ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂಬತ್ತು ದಿನದ ಹೊಲಿಗೆ ಮಧ್ಯಾಹ್ನದೊಳಗೆ ಬಿಚ್ಚಿಹೋಯಿತು. ಪದರ ಬೇರೆ ಮಾಡಿ, ಗೇಣಗಲದ ಪಟ್ಟಿಗಳಾಗಿ ಕತ್ತರಿಸಿ, ನಡುನಡುವೆ ಗೇಣು ಜಾಗ ಬಿಟ್ಟು ಹಗ್ಗಕ್ಕೆ ಹೊಲಿದ. ಕತ್ತರಿ ಮೊದಲ ಸಲ ಒಳಗಿಳಿದಾಗ ಮಗಳು ಬೇರೆ ಕಡೆ ನೋಡಿದಳು.

ಪಟ್ಟಿಗಳನ್ನು ಹೇಗೆ ಕಟ್ಟಬೇಕು ಎಂಬ ಮಾತು ಬಂದಾಗ ಮಾತ್ರ ಅವನ ಹಳೆಯ ಗತ್ತು ಮರಳಿತು. ಮಗಳು ಪೂರ್ವದಿಂದ ಪಶ್ಚಿಮಕ್ಕೆ ಕಟ್ಟಹೊರಟಿದ್ದಳು.

"ತಾಳು. ಹಾಗೆ ಕಟ್ಟಿದ್ರೆ ನೆರಳು ಬಿದ್ದ ಕಡೇನೇ ಬಿದ್ದಿರುತ್ತೆ. ಒಂದು ಗಿಡಕ್ಕೆ ಇಡೀ ದಿನ ಬಿಸಿಲು, ಪಕ್ಕದ್ದಕ್ಕೆ ಇಡೀ ದಿನ ಕತ್ತಲೆ. ಉತ್ತರ ದಕ್ಷಿಣ ಕಟ್ಟು."

ಅಂಗಡಿಗಳ ಮುಂದೆ ನಿಂತು ನಿಂತು ಸೂರ್ಯನ ನಡಿಗೆ ಅವನಿಗೆ ನೆಂಟನ ನಡಿಗೆಯಷ್ಟು ಪರಿಚಿತ. ಗಂಟೆಗೊಮ್ಮೆ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ. ಒಂದೊಂದು ಪಟ್ಟಿಯ ನೆರಳೂ ತೊಟ್ಟಿಯಿಂದ ತೊಟ್ಟಿಗೆ ಮೆಲ್ಲಗೆ ಸರಿಯುತ್ತಿತ್ತು. ಯಾವ ಎಲೆಗೂ ಸುಡುವಷ್ಟು ಹೊತ್ತು ಬಿಸಿಲಿಲ್ಲ, ಬಿಳಿಚುವಷ್ಟು ಹೊತ್ತು ನೆರಳಿಲ್ಲ. ಬೆಳಗ್ಗೆ ಸಂಜೆ ಪೂರ್ತಿ ಸರಿಸಿಡಲೆಂದು ಉಂಗುರಗಳನ್ನೂ ಹಾಕಿದ. ಈಗ ಅದನ್ನು ಎಳೆಯಲು ಎರಡು ಬೆರಳು ಸಾಕಿತ್ತು.

ಹತ್ತನೆಯ ದಿನ ಅಡುಗೆಯವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಅವನ ಹೋಟೆಲಿನ ಮುಂಬಾಗಿಲ ಮೇಲ್ಕಟ್ಟೂ ನೆರಳಪ್ಪನದೇ. ಮೇಲೆ ನೋಡಿ ನಕ್ಕ. "ಏನ್ರೀ ಇದು, ಕಣ್ಣು ಮಂಜಾಯ್ತಾ? ಬಿಸಿಲೆಲ್ಲ ಸೋರ್ತಾ ಇದೆ!"

"ಸೋರ್ಲಿ ಅಂತಲೇ ಹೊಲಿದಿದ್ದು" ಎಂದ ನೆರಳಪ್ಪ. "ನೀವು ಮೇಲೆ ನೋಡ್ಬೇಡಿ, ಕೆಳಗೆ ನೋಡಿ."

ಅಡುಗೆಯವನು ಒಂದೆಲೆ ಕಿತ್ತು ಬಾಯಿಗಿಟ್ಟ. ಕರುಮ್ ಎಂಬ ಸದ್ದು ಮೂವರಿಗೂ ಕೇಳಿಸಿತು. ಈ ಸಲ ಕರವಸ್ತ್ರ ಜೇಬಿನಲ್ಲೇ ಉಳಿಯಿತು. "ಸೋಮವಾರದಿಂದ ಕಳಿಸಮ್ಮ" ಎಂದು ಹೇಳಿ, ಇನ್ನೊಂದು ಎಲೆ ಕಿತ್ತುಕೊಂಡೇ ಇಳಿದ.

ಮಗಳು ತಂದೆಗೂ ಒಂದೆಲೆ ಕೊಟ್ಟಳು. ಇಷ್ಟು ದಿನ ಓಡಾಡಿದರೂ ಅವನು ಅದರ ರುಚಿ ನೋಡಿರಲಿಲ್ಲ. ಮೊಲದ ಹಾಗೆ ಮುಂಬಲ್ಲಲ್ಲಿ ಕಡಿದ.

"ಒಂಚೂರು ಕಹಿ ಇದ್ಯಲ್ಲೇ."

"ಅಷ್ಟಿದ್ರೇನೇ ರುಚಿ ಅಪ್ಪ."

ಅವನು ಅಗಿದು ನುಂಗಿದ. "ನೋಡು, ಇನ್ಮೇಲೆ ನನ್ನ ಕೆಲಸ ಸರಿಯಿಲ್ದಿದ್ರೆ ನನ್ನ ಮುಖಕ್ಕೇ ಹೇಳ್ಬೇಕು. ಬೈದ್ರೆ ಬೈಸ್ಕೋ. ಆದ್ರೆ ಹೇಳು."

"ಹೇಳ್ಲಾ?"

"ಹೇಳು ಅಂದ್ನಲ್ಲ."

"ಆ ಕೊನೇ ಪಟ್ಟಿ ಸೊಟ್ಟಗಿದೆ."

ಕೋಪ ಮೂಗಿನ ತುದಿಗೆ ಬಂದೇ ಬಂತು. ನಲವತ್ತು ವರ್ಷದಲ್ಲಿ ಯಾರೂ ಆಡದ ಮಾತು! ಕತ್ತೆತ್ತಿ ನೋಡಿದ. ಒಂದು ಬೆರಳಿನಷ್ಟು ಸೊಟ್ಟಗಿತ್ತು. ನಿಜವೇ.

"ಏಣಿ ತಾ" ಎಂದ ನೆರಳಪ್ಪ, ಜೇಬಿನಲ್ಲಿ ಸೂಜಿ ಹುಡುಕುತ್ತ.