ಒತ್ತಕ್ಷರವಿಲ್ಲದ ಮಾತು

ಭಾನುವಾರ ಬೆಳಿಗ್ಗೆ ಹೋದ ಮಗಳು ಮಂಗಳವಾರವಾದರೂ ಬರಲಿಲ್ಲ. ಎಂಟು ತಿಂಗಳಿಂದ ಫೋನಿನಲ್ಲೇ ಪ್ರೀತಿಸುತ್ತಿದ್ದವನನ್ನು ಮೊದಲ ಸಲ ನೋಡಲು ಹೋಗಿದ್ದಳು. “ಮುಖ ನೋಡದೇನೇ ಮನಸ್ಸು ಕೊಟ್ಟೆಯಲ್ಲೇ” ಎಂದು ಛೇಡಿಸಿದ್ದೆ. “ಮದುವೆಗೆ ಮುಂಚೆ ನೀನು ಅಪ್ಪನ್ನ ಎಷ್ಟು ನೋಡಿದ್ದೆ, ಹೇಳು?” ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಅವಳ ಫೋನಿನಿಂದ ಸಂದೇಶವೇನೋ ಬರುತ್ತಿತ್ತು. ನನ್ನ ಭಯವೇ ಅದು.

ಠಾಣೆಯಲ್ಲಿ ಇನ್ಸ್‌ಪೆಕ್ಟರಮ್ಮ ಗಟ್ಟಿಯಾಗಿ ಓದಿದರು: “‘ಅಮ್ಮ, ಚಿಂತಿಸಬೇಡ. ಸ್ವಲ್ಪ ದಿನ ಇಲ್ಲೇ ಇರುತ್ತೇನೆ.’ ಇನ್ನೇನು ಬೇಕು ಅಜ್ಜಿ? ಮೂವತ್ತನಾಲ್ಕು ವರ್ಷದ ಮಗಳು. ಇಷ್ಟಪಟ್ಟವನ ಜೊತೆ ಇದ್ದಾಳೆ, ಬಿಡಿ.”

“ಇದು ಅವಳು ಬರೆದಿದ್ದಲ್ಲ, ಮೇಡಂ. ಸರಿಯಾಗಿದೆ.”

“ಸರಿಯಾಗಿದೆ ಅಂತ ದೂರು ಕೊಡೋಕೆ ಬಂದಿರೋದು ನೀವೇ ಮೊದಲು!”

ಪಕ್ಕದ ಮೇಜಿನ ಪೇದೆ ಕಿಸಕ್ಕೆಂದ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹೊದಿಕೆ ಮಡಿಸುವವಳು. ಅಕ್ಷರ ಕಲಿತದ್ದು ಐವತ್ತೆಂಟು ದಾಟಿದ ಮೇಲೆ. ಒತ್ತಕ್ಷರ ಬಂದರೆ ಇಂದಿಗೂ ಕಲ್ಲೆಡವಿದ ಹಾಗೆ ನಿಂತುಬಿಡುತ್ತೇನೆ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ನನ್ನ ಮಗಳಿಗೆ ಅದು ಗೊತ್ತು. ನನಗೆ ಬರೆಯುವಾಗ ಒಂದೂ ಒತ್ತು ಹಾಕುತ್ತಿರಲಿಲ್ಲ, ‘ಅಮ್ಮ’ನಿಗೂ. ಹಳೆಯದನ್ನು ತೋರಿಸಿದೆ: “ಅಮಾ, ಊಟ ಮಾಡು. ತಡವಾಗಿ ಬರುವೆ.” “ಅಮಾ, ಗುಳಿಗೆ ನುಂಗಿದೆಯಾ?” ಮಾತ್ರೆ ಅಂತ ಬರೆದರೆ ನಾನು ಎಡವುತ್ತೇನಲ್ಲ!

ಇನ್ಸ್‌ಪೆಕ್ಟರಮ್ಮ ನಾಲ್ಕು ವರ್ಷದ ಸಂದೇಶಗಳನ್ನು ಸರಿಸುತ್ತಾ ಹೋದರು. ಎಲ್ಲೂ ಒತ್ತು ಸಿಗಲಿಲ್ಲ. ಪೇದೆಯ ನಗು ನಿಂತಿತು.

“ಏನಾದ್ರೂ ಕೇಳಿ ನೋಡಿ, ಅಜ್ಜಿ.”

‘ಮಗಾ, ನಾನು ಓದೋ ಹಾಗೆ ಬರಿ’ ಎಂದು ಕಳಿಸಿದೆ. ಉತ್ತರ ಬರುವವರೆಗೂ ಒಂದೇ ಬೇಡಿಕೆ: ನನ್ನ ಮಾತು ಸುಳ್ಳಾಗಲಿ, ಇವರೆಲ್ಲ ಹೊಟ್ಟೆ ಹಿಡಿದುಕೊಂಡು ನನ್ನನ್ನು ನೋಡಿ ನಗಲಿ.

ಫೋನು ಗುಂಯ್‌ಗುಟ್ಟಿತು. ‘ಪ್ರೀತಿಯ ಅಮ್ಮ, ಕ್ಷೇಮವಾಗಿದ್ದೇನೆ. ದಯವಿಟ್ಟು ಹುಡುಕಬೇಡ.’

ಮೊದಲ ಅಕ್ಷರದಲ್ಲೇ ಎಡವಿದೆ. ಇನ್ಸ್‌ಪೆಕ್ಟರಮ್ಮ ಆಗಲೇ ಎದ್ದಿದ್ದರು. “ಈ ಫೋನು ಈಗ ಎಲ್ಲಿದೆ, ಹುಡುಕ್ರೀ. ಬೇಗ!”

ಮಾರನೆಯ ದಿನ ಕರೆಸಿದರು. ಫೋನು ಅವನ ಕೋಣೆಯಲ್ಲಿ ಸಿಕ್ಕಿತ್ತು, ಅವನೂ ಸಿಕ್ಕಿದ್ದ. ಅವಳು ಅಲ್ಲಿರಲಿಲ್ಲ, ಎಲ್ಲಿ ಹೂತಿದ್ದನೋ ಅಲ್ಲಿಗೆ ಪೊಲೀಸರನ್ನು ಅವನೇ ಕರೆದೊಯ್ದಿದ್ದ. ಇಷ್ಟು ಹೇಳಿ ಇನ್ಸ್‌ಪೆಕ್ಟರಮ್ಮ ಮುಂದಿನ ಮಾತಿಗೆ ತಡಕಾಡಿದರು. ನನ್ನ ಕಣ್ಣು ಮೇಜಿನ ಮೇಲಿನ ಕಡತಕ್ಕೆ ಹೋಯಿತು. ‘ಕಾಣೆ’ ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಬರೆದಿದ್ದರು. ಎರಡೇ ಅಕ್ಷರ, ಒಂದೂ ಒತ್ತಿಲ್ಲ.

“ಕೊಲೆ” ಎಂದು ಎಡವದೆ ಓದಿದೆ.